ಸೇವಂತಿಯಕ್ಕನ ನರ ಮತ್ತು ರಬ್ಬರ್ ಶೆಡ್ಡಿನ ಅರ್ತ್

ಅಕ್ಕಂದಿರೇ, ಅಣ್ಣಂದಿರೇ, ನಮ್ಮ ಕಡೆಯ ರಬ್ಬರ್ ಶೆಡ್ಡುಗಳಲ್ಲಿ ದಿನಾ ಬೆಳಗ್ಗೆ ಕೇಳುವ ಒಂದು ಮಾತು ನಿಮಗೂ ಗೊತ್ತಿರಬಹುದು. "ಮೆಷಿನು ಸ್ವಲ್ಪ ಜುಮ್ ಅಂತದೆ, ಅಷ್ಟೇ." ಹೀಗೆ 'ಅಷ್ಟೇ' ಎನ್ನುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಯಾಕೆ ಅಂತ ಈ ಕಾಗದದಲ್ಲಿ ಹೇಳುತ್ತೇನೆ, ಕೇಳಿ.

ನಾನು ದಮಯಂತಿ. ಜಾಲ್ಸೂರಿನಿಂದ ಸ್ವಲ್ಪ ಒಳಗೆ ನಮ್ಮ ಮನೆ. ನಮ್ಮ ಮಹಿಳಾ ಸಂಘದಲ್ಲಿ ಎಲ್ಲರಿಗಿಂತ ಜೋರು ಬಾಯಿ ನನ್ನದು ಎನ್ನುತ್ತಾರೆ. ಇರಲಿ, ಬಾಯಿ ಇರುವುದು ಮಾತಾಡಲಿಕ್ಕೇ ಅಲ್ಲವೇ? ನಮ್ಮ ಬೇಲಿಯಾಚೆ ಕುಕ್ಕಪ್ಪಣ್ಣನ ಮನೆ. ಅವರ ಹೆಂಡತಿ ಸೇವಂತಿಯಕ್ಕ. ಮನೆ ಹಿಂದೆ ರಬ್ಬರ್ ಶೀಟ್ ಒತ್ತುವ ಶೆಡ್ಡು. ಹಿಂದಿನ ದಿನ ಟ್ರೇಗೆ ಹಾಕಿ, ಆಸಿಡ್ ಬೆರೆಸಿಟ್ಟ ರಬ್ಬರ್ ಮರದ ಹಾಲು ಬೆಳಗಾಗುವಾಗ ಗಟ್ಟಿಯಾಗಿರುತ್ತದೆ. ಅದನ್ನು ಮೆಷಿನಿನ ಎರಡು ರೋಲರುಗಳ ನಡುವೆ ಕೊಟ್ಟು ಶೀಟು ಮಾಡುವುದು ಸೇವಂತಿಯಕ್ಕನ ಕೆಲಸ. ಮೆಷಿನು ತಿರುಗುವುದು ತ್ರೀ ಫೇಸ್ ಮೋಟಾರಿನಲ್ಲಿ. ಪಕ್ಕದಲ್ಲೇ ನಲ್ಲಿ, ಆದ್ದರಿಂದ ಅಲ್ಲಿನ ನೆಲ ಒಣಗಿದ್ದನ್ನು ನಾನು ನೋಡಿಯೇ ಇಲ್ಲ.

ಕೆಲವು ತಿಂಗಳಿಂದ ಮೆಷಿನು ಮುಟ್ಟಿದಾಗಲೆಲ್ಲ ಸೇವಂತಿಯಕ್ಕನಿಗೆ ಕೈ ಜುಮ್ಮೆನ್ನುತ್ತಿತ್ತು. ಕುಕ್ಕಪ್ಪಣ್ಣ ಬಂದು ಅದೇ ಮೆಷಿನಿನ ಮೇಲೆ ಅಂಗೈ ಇಟ್ಟರೆ ಏನೂ ಇಲ್ಲ! "ನನಗೆ ಆಗುದಿಲ್ಲ, ನಿನಗೆ ಮಾತ್ರ ಯಾಕೆ ಆಗುದು? ಇದು ಕರೆಂಟಲ್ಲ, ನರದ ವೀಕ್ನೆಸ್ಸು" ಎಂದು ತೀರ್ಪು ಕೊಟ್ಟರು. ಸುಳ್ಯದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, "ಇವಳಿಗೆ ಕೈ ಜುಮುಜುಮು" ಎಂದು ತಾವೇ ಹೇಳಿ ಮಾತ್ರೆಯನ್ನೂ ಬರೆಸಿಕೊಂಡು ಬಂದರು. ಶೆಡ್ಡಿನ ವಿಷಯ ಅಲ್ಲಿ ಬಾಯಿಬಿಡಲೇ ಇಲ್ಲ. ಡಾಕ್ಟರರಾದರೂ ಏನು ಮಾಡಿಯಾರು, ಪಾಪ.

ಕುಕ್ಕಪ್ಪಣ್ಣ ಕೆಟ್ಟವರಲ್ಲ. ಹೆಂಡತಿ ಎಂದರೆ ಜೀವ. ಅದಕ್ಕೇ ಇನ್ನೊಂದು ಉಪಾಯವನ್ನೂ ಮಾಡಿದರು. ಹೊಗೆಯಲ್ಲಿ ಕಪ್ಪಾಗಿ, ಮಾರಲಿಕ್ಕೆ ಬಾರದ ಒಂದು ರಬ್ಬರ್ ಶೀಟನ್ನು ಮೆಷಿನಿನ ಎದುರು ಹಾಸಿದರು. "ಇದರ ಮೇಲೆ ನಿಂತು ಕೆಲಸ ಮಾಡು. ರಬ್ಬರಿನ ಮೇಲೆ ನಿಂತವರಿಗೆ ಯಾವ ಶಾಕೂ ಇಲ್ಲ. ಊರಿಗೆಲ್ಲ ರಬ್ಬರು ಕೊಡುವವರು ನಾವು, ನಮಗೆ ಭಯವಾ?" ಎಂದರು. ಅದು ಎಷ್ಟು ಜನರಿಗೆ ಹಿಡಿಸಿತೆಂದರೆ, ಆಚೀಚೆಯ ಶೆಡ್ಡುಗಳಲ್ಲಿಯೂ ಮೆಷಿನಿನ ಬುಡಕ್ಕೆ ಒಂದೊಂದು ಶೀಟು ಬಂದು ಬಿತ್ತು.

ಡಿಸೆಂಬರಿನಲ್ಲಿ ಒಂದು ದಿನ ಸೇವಂತಿಯಕ್ಕ ಬೇಲಿಯ ಹತ್ತಿರ ಬಂದು ನನ್ನನ್ನು ಕರೆದರು. ಮುಖ ಬಿಳಿಚಿಕೊಂಡಿತ್ತು. ಸೀರೆಯೆಲ್ಲ ಒದ್ದೆ.

"ದಮಯಂತಿ, ಇವತ್ತು ನಲ್ಲಿ ಸಹ ಹಿಡ್ಕೊಂಡಿತು."

"ಎಂತ ಹೇಳ್ತೀರಿ ಅಕ್ಕ? ನಲ್ಲಿಯಾ?"

"ಹೌದು. ಮೆಷಿನು ತಿರುಗ್ತಾ ಇತ್ತು. ಟ್ರೇ ತೊಳಿಯುವ ಅಂತ ನಲ್ಲಿ ತಿರುಗಿಸಿದೆ. ಕೈ ಬಿಡ್ಲಿಕ್ಕೇ ಆಗ್ಲಿಲ್ಲ. ಬೊಬ್ಬೆ ಹಾಕುವ ಅಂದ್ರೆ ಸ್ವರ ಬರುದಿಲ್ಲ. ಕಾಲು ಜಾರಿ ಬಿದ್ದೆ ನೋಡು, ಬಿದ್ದ ಕಾರಣ ಕೈ ಬಿಟ್ಟಿತು."

"ಕುಕ್ಕಪ್ಪಣ್ಣನಿಗೆ ಹೇಳಿದ್ರಾ?"

"ಹೇಳಿದೆ. ಸುಳ್ಯಕ್ಕೆ ಹೋಗಿ ಇನ್ನೂ ಪವರ್ ಜಾಸ್ತಿ ಇರುವ ಮಾತ್ರೆ ತರುವ ಅಂತ ಹೇಳಿದ್ರು."

ಎಂತ ಸಾವು ಮಾರಾಯ್ರೆ ಇದು! ನನಗೆ ಸಿಟ್ಟೂ ಬಂತು, ಹೆದರಿಕೆಯೂ ಆಯಿತು. "ನಾಳೆ ನೀವು ಆ ಶೆಡ್ಡಿಗೆ ಕಾಲು ಇಡ್ಬೇಡಿ" ಎಂದೆ. ಅದಕ್ಕೆ ಸೇವಂತಿಯಕ್ಕ, "ಹಾಲು ಹಾಕಿ ಆಗಿದೆ ಮಾರಾಯ್ತಿ. ನಾಳೆ ಒತ್ತದಿದ್ರೆ ಹಾಳಾಗ್ತದೆ. ನಾನಲ್ಲದೆ ಯಾರು ಒತ್ತುದು?" ಎಂದರು. ಇವತ್ತು ಬಿದ್ದು ಬದುಕಿದರು. ನಾಳೆ ಬೀಳದಿದ್ದರೆ? ನಾಳೆ ಬೆಳಗ್ಗೆಯೊಳಗೆ ಏನಾದರೂ ಮಾಡದಿದ್ದರೆ ಈ ಹೆಂಗಸು ನಮಗೆ ಉಳಿಯುವುದಿಲ್ಲ ಎಂದು ನನಗೆ ಖಂಡಿತ ಅನಿಸಿತು.

ಪುಣ್ಯಕ್ಕೆ ಆ ದಿನ ನಮ್ಮ ಮನೆಯಲ್ಲಿ ಸುಹಾನಾ ಇದ್ದಳು. ಪುತ್ತೂರು ದರ್ಬೆಯಲ್ಲಿ ಇಲೆಕ್ಟ್ರಿಕಲ್ ಅಂಗಡಿ ಇಟ್ಟಿರುವ ಇಬ್ರಾಹಿಂ ಅವರ ಮಗಳು. ಇಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿ, ಸರ್ಕಾರದ ಲೈಸೆನ್ಸ್ ತೆಗೆದುಕೊಂಡು, ವಯರಿಂಗ್ ಕಂಟ್ರಾಕ್ಟ್ ಮಾಡುತ್ತಾಳೆ. ನಮ್ಮ ಹೊಸ ಅಡುಗೆಮನೆಗೆ ಲೈನು ಎಳೆಸಲು ಬಂದಿದ್ದಳು. ವಿಷಯ ಕೇಳಿದ್ದೇ ತಡ, ಚೀಲ ಹೆಗಲಿಗೆ ಹಾಕಿಕೊಂಡು ನನ್ನ ಮತ್ತು ಸೇವಂತಿಯಕ್ಕನ ಹಿಂದೆ ಬಂದಳು.

ಕುಕ್ಕಪ್ಪಣ್ಣ ಶೆಡ್ಡಿನ ಬಾಗಿಲಲ್ಲೇ ಸಿಕ್ಕಿದರು. "ನಿಮ್ಮ ಅಪ್ಪ ಬರ್ಲಿಲ್ವಾ?" ಎಂದು ಮೊದಲ ಪ್ರಶ್ನೆ.

"ಅಪ್ಪ ಅಂಗಡಿಯಲ್ಲಿ ಕೂತು ಬಿಲ್ ಮಾಡುದು ಅಣ್ಣ. ಲೈಸೆನ್ಸ್ ನನ್ನದು" ಎಂದಳು ಸುಹಾನಾ ನಗುತ್ತಲೇ.

"ಇಲ್ಲಿ ನೋಡ್ಲಿಕ್ಕೆ ಎಂತ ಸಹ ಇಲ್ಲ. ಇವಳ ನರ ಸರಿ ಇಲ್ಲ, ಅದಕ್ಕೆ ಜುಮ್ ಅನ್ನುದು. ನನಗೆ ನೋಡಿ, ಎಂತ ಆಗ್ತದೆ?" ಎನ್ನುತ್ತ ಮೆಷಿನು ಚಾಲು ಮಾಡಿ ಮುಟ್ಟಲು ಹೊರಟರು.

"ಮುಟ್ಟಬೇಡಿ!" ಸುಹಾನಾ ಎಷ್ಟು ಜೋರಾಗಿ ಹೇಳಿದಳೆಂದರೆ ನಾನೇ ಎರಡು ಹೆಜ್ಜೆ ಹಿಂದೆ ಸರಿದೆ. ಆಮೇಲೆ ಕುಕ್ಕಪ್ಪಣ್ಣನ ಕಾಲು ತೋರಿಸಿದಳು. "ನೀವು ಯಾವಾಗಲೂ ಗಂಬೂಟು ಹಾಕಿಯೇ ಶೆಡ್ಡಿಗೆ ಬರುದಾ?"

"ಹೌದು. ತೋಟದಿಂದ ಸೀದಾ ಬರುದಲ್ವಾ?"

"ಅಕ್ಕ ಬರಿಗಾಲು. ವ್ಯತ್ಯಾಸ ಅದೇ ಅಣ್ಣ, ನರದ್ದಲ್ಲ. ಮೆಷಿನಿನ ಮೈಗೆ ಕರೆಂಟು ಬಂದಿದೆ. ಅದಕ್ಕೆ ನೆಲಕ್ಕೆ ಹೋಗ್ಬೇಕು. ನಿಮ್ಮ ಮೂಲಕ ಹೋಗ್ಲಿಕ್ಕೆ ಬೂಟು ಬಿಡುದಿಲ್ಲ. ಅಕ್ಕನ ಮೂಲಕ ದಾರಿ ಉಂಟು."

"ಅವಳಿಗೆ ಶೀಟು ಹಾಸಿದ್ದೇನಲ್ಲ? ರಬ್ಬರು ಅದು!"

"ಒಣಗಿದ್ದರೆ ತಡೀಬಹುದು. ಇದರ ಮೇಲೆ ಆಸಿಡ್ ನೀರು ನಿಂತಿದೆ ನೋಡಿ. ಅಕ್ಕ ನಿಲ್ಲುದು ನೀರಿನಲ್ಲಿ, ರಬ್ಬರಿನಲ್ಲಲ್ಲ. ಒಂದು ಕಾಲು ಶೀಟಿನಿಂದ ಕೆಳಗೆ ಇಟ್ರೆ ಅದೂ ಇಲ್ಲ." ಹೀಗೆನ್ನುತ್ತ ಚೀಲದಿಂದ ವೋಲ್ಟ್ ಅಳೆಯುವ ಮೀಟರು ತೆಗೆದು, ಅದರ ಒಂದು ಕಡ್ಡಿಯನ್ನು ಮೆಷಿನಿಗೂ ಇನ್ನೊಂದನ್ನು ಒದ್ದೆ ನೆಲಕ್ಕೂ ಹಿಡಿದಳು. ನೂರಾ ಹತ್ತು ವೋಲ್ಟ್ ತೋರಿಸಿತು. ನಲ್ಲಿಗೆ ಹಿಡಿದಾಗಲೂ ಅಷ್ಟೇ ಬಂತು. ಸೇವಂತಿಯಕ್ಕ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಕುಕ್ಕಪ್ಪಣ್ಣ ಅಷ್ಟಕ್ಕೆ ಸೋಲುವ ಪೈಕಿಯಲ್ಲ. ಎದೆ ಮುಂದೆ ಮಾಡಿ, "ನನಗೆ ಸಹ ರೂಲ್ಸ್ ಗೊತ್ತುಂಟು. ತ್ರೀ ಫೇಸ್ ಮೋಟಾರಿಗೆ ಎರಡು ಬೇರೆ ಬೇರೆ ಅರ್ತ್ ಇರ್ಬೇಕು ಅಂತ. ಎರಡು ವಯರು ಉಂಟು. ಬೇಕಾದ್ರೆ ಎಣಿಸಿ" ಎಂದರು.

ಸುಹಾನಾ ಮೆಷಿನು ನಿಲ್ಲಿಸಿ, ಮೇನ್ ಸ್ವಿಚ್ಚು ತೆಗೆಸಿ ಕರೆಂಟು ಪೂರ್ತಿ ನಿಲ್ಲಿಸಿದಳು. ಎರಡು ಹಸಿರು ವಯರುಗಳು ಹೌದು, ಇದ್ದವು. "ರೂಲ್ಸು ವಯರು ಎಣಿಸ್ಲಿಕ್ಕೆ ಹೇಳುದಲ್ಲ ಅಣ್ಣ. ಎರಡು ಸಹ ಮಣ್ಣಿಗೆ ಹೋಗಿ ಮುಟ್ಟಬೇಕು ಅಂತ ಹೇಳುದು. ಬನ್ನಿ, ಇವು ಎಲ್ಲಿಗೆ ಹೋಗ್ತವೆ ನೋಡುವ."

ಒಂದು ವಯರಿನ ಹಿಂದೆ ನಾವೆಲ್ಲ ಹೊರಟೆವು. ಅದು ಹೋಗಿ ಸೇರಿದ್ದು ನಲ್ಲಿಯ ಕಬ್ಬಿಣದ ಪೈಪಿಗೆ. ಪೈಪು ಗೋಡೆ ದಾಟಿ ಹೊರಗೆ ಹೋಗುವಲ್ಲಿ ಸುಹಾನಾ ಮಣ್ಣು ಕೆದಕಿಸಿದಳು. ಒಂದು ಗೇಣು ಕಬ್ಬಿಣ, ಅಲ್ಲಿಂದ ಮುಂದೆ ಬೂದು ಬಣ್ಣದ ಪಿವಿಸಿ.

"ಇದು ಯಾವಾಗ ಹಾಕಿದ್ದು?"

"ಕಬ್ಬಿಣ ತುಕ್ಕು ಹಿಡಿದಿತ್ತು. ಹಿಂದಿನ ಬೇಸಿಗೆಯಲ್ಲಿ ನಾನೇ ಬದಲು ಮಾಡಿದ್ದು" ಎಂದರು ಕುಕ್ಕಪ್ಪಣ್ಣ. ಸ್ವರ ಸ್ವಲ್ಪ ಇಳಿದಿತ್ತು.

"ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹೋಗುದಿಲ್ಲ. ಆ ದಿನವೇ ನಿಮ್ಮ ಅರ್ತು ಹೋಯ್ತು. ಈಗ ಮೋಟಾರಿನಿಂದ ಸೋರಿದ ಕರೆಂಟು ಈ ವಯರಿನಲ್ಲಿ ಬಂದು ನಲ್ಲಿಯಲ್ಲಿ ಕೂತಿದೆ. ಯಾರು ಬಂದು ಮುಟ್ತಾರೆ ಅಂತ ಕಾಯ್ತಾ ಇದೆ."

"ಅಂದ್ರೆ ನಲ್ಲಿಗೆ ವಯರು ಕೊಟ್ಟದ್ದೇ ತಪ್ಪಾ?" ನಾನು ಕೇಳಿದೆ.

"ಅಲ್ಲ ಅಕ್ಕ, ಅಲ್ಲಿಯೇ ಎಲ್ಲರೂ ಎಡವುದು. ನಲ್ಲಿಯನ್ನು ಅರ್ತಿಗೆ ಸೇರಿಸುದು ಸರಿ. ನಲ್ಲಿಯನ್ನೇ ಅರ್ತ್ ಅಂತ ಮಾಡುದು ತಪ್ಪು. ಶೆಡ್ಡಿನಲ್ಲಿ ಕೈಗೆ ಸಿಗುವ ಕಬ್ಬಿಣ ಎಲ್ಲ, ಮೆಷಿನು, ನಲ್ಲಿ, ಟ್ರೇ ಇಡುವ ಸ್ಟ್ಯಾಂಡು, ಕಂಬ, ಎಲ್ಲವನ್ನು ಒಂದೇ ವಯರಿನಿಂದ ಒಟ್ಟಿಗೆ ಕಟ್ಟಬೇಕು. ಅದಕ್ಕೆ ಬಾಂಡಿಂಗ್ ಅಂತ ಹೇಳುದು. ನೀರು ಹರೀಬೇಕಾದ್ರೆ ಒಂದು ಕಡೆ ಎತ್ತರ, ಒಂದು ಕಡೆ ತಗ್ಗು ಬೇಕಲ್ವಾ? ಕರೆಂಟು ಸಹ ಹಾಗೆ. ಎಲ್ಲ ಒಟ್ಟಿಗೆ ಕಟ್ಟಿದ್ರೆ ಎತ್ತರ ತಗ್ಗು ಇಲ್ಲ. ಆದ್ರೆ ಹಾಗೆ ಕಟ್ಟಿದ್ದು ಕೊನೆಗೆ ನಿಜವಾದ ಅರ್ತ್ ಗುಂಡಿಗೆ ಹೋಗಿ ಸೇರ್ಬೇಕು."

ಎರಡನೆಯ ವಯರು ಶೆಡ್ಡಿನ ಕಬ್ಬಿಣದ ಕಂಬಕ್ಕೆ ಹೋಗಿತ್ತು. ಕಂಬ ನಿಂತದ್ದು ಕಾಂಕ್ರೀಟಿನ ಮೇಲೆ ಬೋಲ್ಟು ಹಾಕಿ. ಮಣ್ಣಿಗೂ ಅದಕ್ಕೂ ಸಂಬಂಧವೇ ಇರಲಿಲ್ಲ.

ಗೋಡೆಯಲ್ಲಿ ಒಂದು ಬಿಳಿ ಸ್ವಿಚ್ಚು ಇತ್ತು. ಆರ್‌ಸಿಸಿಬಿ ಎಂದು ಅದರ ಹೆಸರು. ನಾವೆಲ್ಲ ಇಎಲ್‌ಸಿಬಿ ಎಂದೇ ಹೇಳುವುದು. ಸುಹಾನಾ ಮುಚ್ಚಳ ತೆಗೆದು ನೋಡಿದಳು. ವಯರುಗಳು ಆ ಸ್ವಿಚ್ಚನ್ನು ಬಿಟ್ಟು ಸೀದಾ ಮೋಟಾರಿಗೆ ಹೋಗಿದ್ದವು. "ಇದನ್ನು ಹೀಗೆ ಮಾಡಿದ್ದು ಯಾರು?"

"ನಾನೇ" ಎಂದರು ಕುಕ್ಕಪ್ಪಣ್ಣ. "ಅದು ಹಾಳಾಗಿತ್ತು ಮಾರಾಯ್ತಿ. ಮೆಷಿನು ಹಾಕಿದ ಕೂಡ್ಲೆ ಬೀಳುದು, ಹಾಕಿದ ಕೂಡ್ಲೆ ಬೀಳುದು. ಕೆಲಸ ಆಗ್ಬೇಕಲ್ಲ?"

ಸುಹಾನಾ ವಯರುಗಳನ್ನು ಮತ್ತೆ ಸ್ವಿಚ್ಚಿನ ಮೂಲಕ ಕೊಟ್ಟಳು. ಎಲ್ಲರನ್ನೂ ಬಾಗಿಲಾಚೆ ನಿಲ್ಲಿಸಿ, ಮೇನ್ ಹಾಕಿ, ಮೋಟಾರು ಚಾಲು ಮಾಡಿದಳು. ಟಕ್! ಬಿತ್ತು.

"ನೋಡಿ! ನಾನು ಹೇಳ್ಲಿಲ್ವಾ ಹಾಳು ಅಂತ?" ಕುಕ್ಕಪ್ಪಣ್ಣನಿಗೆ ಎಲ್ಲಿಲ್ಲದ ಖುಷಿ.

ಸುಹಾನಾ ಮೇನ್ ತೆಗೆದು ಮೋಟಾರಿನ ವಯರು ಬಿಚ್ಚಿದಳು. ಅದೇ ಸ್ವಿಚ್ಚಿನಿಂದ ಶೆಡ್ಡಿನ ಬಲ್ಬಿಗೆ, ಹೊರಗಿನ ಫ್ಯಾನಿಗೆ ಲೈನು ಕೊಟ್ಟಳು. ಬಲ್ಬು ಉರಿಯಿತು, ಫ್ಯಾನು ತಿರುಗಿತು. ಸ್ವಿಚ್ಚು ಅಲ್ಲಾಡಲಿಲ್ಲ. ಎಷ್ಟು ಹೊತ್ತು ನಿಂತು ನೋಡಿದರೂ ಬೀಳಲಿಲ್ಲ. ಮತ್ತೆ ಮೋಟಾರಿನ ವಯರು ಸೇರಿಸಿ ಹಾಕಿದಳು. ಟಕ್!

"ಅಣ್ಣ, ಹಾಳಾದ್ದು ಸ್ವಿಚ್ಚಲ್ಲ. ಹೋದ ಕರೆಂಟು ಪೂರ್ತಿ ವಾಪಸು ಬರುತ್ತದಾ ಅಂತ ಇದು ನೋಡ್ತಾ ಇರ್ತದೆ. ಸ್ವಲ್ಪ ಎಲ್ಲಿಯಾದ್ರೂ ಸೋರಿದ್ರೆ, ಯಾರದ್ದಾದ್ರೂ ಮೈಯಿಂದ ನೆಲಕ್ಕೆ ಹೋದ್ರೆ, ಕಣ್ಣು ಮುಚ್ಚಿ ತೆರೆಯುವುದರೊಳಗೆ ಲೈನು ಕಡಿದು ಬೀಳ್ತದೆ. ಎಂಸಿಬಿ, ಫ್ಯೂಸು ಇರುದು ವಯರು ಸುಡದ ಹಾಗೆ. ಮನುಷ್ಯರನ್ನು ಉಳಿಸ್ಲಿಕ್ಕೆ ಇರುದು ಇದು. ನಿಮ್ಮ ಮೋಟಾರಿನ ಒಳಗೆ ನೀರು ಹೋಗಿ ಕರೆಂಟು ಒದ್ದೆ ನೆಲಕ್ಕೆ ಸೋರ್ತಾ ಇದೆ ಅಂತ ಇದು ಅವತ್ತೇ ಹೇಳಿತ್ತು. ನೀವು ಅದರ ಬಾಯಿ ಮುಚ್ಚಿಸಿದ್ರಿ."

ಆಗ ಸೇವಂತಿಯಕ್ಕ ಮೆಲ್ಲನೆ ಕೇಳಿದರು. "ಹಾಗಾದ್ರೆ ನನ್ನ ನರ ಸರಿ ಉಂಟಾ?"

"ನಿಮ್ಮ ನರಕ್ಕೆ ಎಂತದ್ದೂ ಆಗ್ಲಿಲ್ಲ ಅಕ್ಕ."

ಅಷ್ಟು ತಿಂಗಳು ತನ್ನ ಮೈಯನ್ನೇ ನಂಬದೆ ಬದುಕಿದ ಆ ಹೆಂಗಸು ಅಲ್ಲೇ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟರು. ಆಮೇಲೆ ಕಣ್ಣೊರೆಸಿಕೊಂಡು ನಕ್ಕರು. ಕುಕ್ಕಪ್ಪಣ್ಣ ಹೆಂಡತಿಯ ಮುಖ ನೋಡಲಾರದೆ ಬೂಟಿನ ತುದಿಯಿಂದ ನೆಲ ಕೆರೆಯುತ್ತ, "ತಪ್ಪಾಯ್ತು ಸೇವಂತಿ. ನೀನು ಹೇಳಿದ್ದನ್ನು ನಾನು ಕೇಳ್ಬೇಕಿತ್ತು" ಎಂದರು. ಅವರ ಬಾಯಲ್ಲಿ 'ತಪ್ಪಾಯ್ತು' ಎಂಬ ಮಾತನ್ನು ನಾನು ಕೇಳಿದ್ದು ಅದೇ ಮೊದಲು.

ಮರುದಿನದ ಶೀಟನ್ನು ನಮ್ಮ ಭಾವ ತ್ಯಾಂಪಣ್ಣನ ಶೆಡ್ಡಿನ ಕೈಮೆಷಿನಿನಲ್ಲಿ ಒತ್ತಿಸಿದೆವು. ಮೋಟಾರು ರಿವೈಂಡಿಂಗಿಗೆ ಪುತ್ತೂರಿಗೆ ಹೋಯಿತು. ಅರ್ತ್ ಗುಂಡಿ ತೆಗೆಯಲಿಕ್ಕೆ ಕುಕ್ಕಪ್ಪಣ್ಣ ಯಾರನ್ನೂ ಕರೆಯಲಿಲ್ಲ, ತಾವೇ ಹಾರೆ ಹಿಡಿದರು. ಶೆಡ್ಡಿನ ಎದುರು ಬರೀ ಕೆಂಪು ಮುರಕಲ್ಲು. ಅಲ್ಲಿ ಬೇಡ, ಒಣಗಿದ ಕಲ್ಲಿನಲ್ಲಿ ಕರೆಂಟು ಇಳಿಯುವುದಿಲ್ಲ ಎಂದು ಸುಹಾನಾ ಹಿಂದುಗಡೆ ತಂಪು ಮಣ್ಣಿನ ಜಾಗ ತೋರಿಸಿದಳು. ಎರಡು ಗುಂಡಿ, ನಡುವೆ ಹತ್ತು ಅಡಿ. ಒಳಗೆ ಸತು ಬಳಿದ ಕಬ್ಬಿಣದ ಉದ್ದದ ಜಿಐ ಪೈಪು, ಸುತ್ತ ಇದ್ದಿಲು, ಉಪ್ಪು.

"ಒಂದು ಗುಂಡಿ ಸಾಕಾಗುದಿಲ್ವಾ?" ಬೆವರು ಒರೆಸುತ್ತ ಕೇಳಿದರು.

"ಒಂದು ತುಕ್ಕು ಹಿಡಿದು ಕಡಿದು ಹೋದ್ರೆ ನಿಮಗೆ ಗೊತ್ತಾಗ್ತದಾ? ಈ ಸಲ ಗೊತ್ತಾಯ್ತಾ?" ಎಂದಳು ಸುಹಾನಾ. ಅವರು ಎರಡನೆಯ ಗುಂಡಿಗೆ ಇಳಿದರು. ಬೇಸಿಗೆಯಲ್ಲಿ ಗುಂಡಿಗೆ ನೀರು ಹಾಕುತ್ತಿರಬೇಕು, ವರ್ಷಕ್ಕೊಮ್ಮೆ ಅಳತೆ ಮಾಡಿಸಬೇಕು ಎಂದೂ ಹೇಳಿದಳು. ಕಬ್ಬಿಣವನ್ನೆಲ್ಲ ಒಟ್ಟಿಗೆ ಕಟ್ಟಿ ಗುಂಡಿಗೆ ಸೇರಿಸಿಯಾಯಿತು. ಹೊಸ ಆರ್‌ಸಿಸಿಬಿ ಹಾಕಿ, ಅದರಲ್ಲಿ ಮೂವತ್ತು ಮಿಲಿ ಆಂಪಿಯರ್ ಎಂದು ಬರೆದದ್ದನ್ನು ನಮಗೆಲ್ಲ ತೋರಿಸಿದಳು. ಮನುಷ್ಯರ ಜೀವ ಕಾಯಲಿಕ್ಕೆ ಅದಕ್ಕಿಂತ ದೊಡ್ಡದು ಬೇಡವಂತೆ.

ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಸಂಘದ ಮೀಟಿಂಗಿಗೆ ಕರೆಯಲು ನಾನು ಅಲ್ಲಿಗೆ ಹೋಗಿದ್ದೆ. ಸೇವಂತಿಯಕ್ಕ ಶೀಟು ಒತ್ತುತ್ತಿದ್ದರು. ಒಂದು ಕೈ ಮೆಷಿನಿನ ಮೇಲೆ, ಕಾಲಡಿ ನೀರು, ಬಾಯಲ್ಲಿ ನನ್ನ ಜೊತೆ ಮಾತು. ಮಾತಿನ ಮಧ್ಯೆ ಟಕ್ ಎಂದಿತು. ಮೆಷಿನು ನಿಂತಿತು.

ಅಂಗಳದಲ್ಲಿದ್ದ ಕುಕ್ಕಪ್ಪಣ್ಣ ಓಡಿ ಬಂದರು. ಸ್ವಿಚ್ಚನ್ನು ಮೇಲೆ ಎತ್ತಲು ಹೋಗಲಿಲ್ಲ. "ಸೇವಂತಿ, ಈಚೆ ಬಾ. ಯಾವುದನ್ನೂ ಮುಟ್ಟಬೇಡ" ಎಂದವರೇ ಮೇನ್ ತೆಗೆದು, ಸುಹಾನಾಳಿಗೆ ಫೋನು ಮಾಡಿದರು. ಮಧ್ಯಾಹ್ನ ಬಂದು ನೋಡಿದಳು. ಮೋಟಾರಿನ ಬೆಲ್ಟು ಉಜ್ಜಿ ಉಜ್ಜಿ ಕೇಬಲ್ಲಿನ ಸಿಪ್ಪೆ ಹೋಗಿತ್ತು. ಒಳಗಿನ ತಾಮ್ರ ಮೆಷಿನಿನ ಮೈಗೆ ತಾಗಿತ್ತು. ಪೂರ್ತಿ ಲೈನು ಮೆಷಿನಿಗೆ ಬಂದಿತ್ತು ಎಂದಳು. ಸೇವಂತಿಯಕ್ಕನ ಕೈ ಅದರ ಮೇಲೇ ಇತ್ತು.

"ನಿನಗೆ ಎಂತಾದ್ರೂ ಆಯ್ತಾ? ಜುಮ್ ಅಂತಾದ್ರೂ?" ಕುಕ್ಕಪ್ಪಣ್ಣ ಕೇಳಿದರು.

"ಇಲ್ಲ. ಗೊತ್ತೇ ಆಗ್ಲಿಲ್ಲ ನನಗೆ."

"ಮೊದಲಿನ ಹಾಗೆ ಇದ್ದಿದ್ರೆ..." ಎಂದವರು ಹೆಂಡತಿಯ ಕೈ ಹಿಡಿದುಕೊಂಡು, ನಾವೆಲ್ಲ ಇದ್ದೇವೆ ಎಂಬ ನಾಚಿಕೆಯೂ ಇಲ್ಲದೆ, ಮಗುವಿನ ಹಾಗೆ ಅತ್ತರು. "ಬದುಕಿದ್ದೇನಲ್ಲ, ಅಳುದು ಯಾಕೆ? ಏಳಿ, ಎಲ್ಲರಿಗೂ ಹಸಿವಾಗಿದೆ" ಎಂದು ಸೇವಂತಿಯಕ್ಕ ಒಳಗೆ ಹೋಗಿ ಅನ್ನ ಬಡಿಸಿದರು. ಆ ದಿನದಷ್ಟು ರುಚಿಯಾಗಿ ನಾನು ಯಾವತ್ತೂ ಊಟ ಮಾಡಿಲ್ಲ.

ಈಗ ನಿಮಗೆ ಹೇಳುತ್ತೇನೆ. ಪುತ್ತೂರಿರಲಿ, ಸುಳ್ಯವಿರಲಿ, ಕಡಬವಿರಲಿ, ರಬ್ಬರ್ ಶೆಡ್ಡಿರಲಿ, ಹಿಟ್ಟಿನ ಗಿರಣಿಯಿರಲಿ, ಬರೀ ಒಂದು ಫ್ರಿಜ್ ಇರುವ ಮನೆಯಿರಲಿ. ಮನೆಯಲ್ಲಿ ಯಾರಾದರೂ 'ಜುಮ್ ಅಂತದೆ' ಎಂದರೆ ಅವರನ್ನು ನಂಬಿ. ಮೇನ್ ತೆಗೆದು, ಲೈಸೆನ್ಸ್ ಇರುವವರನ್ನು ಕರೆಸಿ. ಹಸಿರು ವಯರು ಎಲ್ಲಿಗೆ ಹೋಗುತ್ತದೆ ಎಂದು ಅವರಿಂದ ಮಣ್ಣಿನ ತನಕ ತೋರಿಸಿಕೊಳ್ಳಿ. ಪೈಪು ಬದಲಿಸಿದರೆ ಅರ್ತ್ ಉಳಿದಿದೆಯೇ ಎಂದು ಮತ್ತೆ ನೋಡಿಸಿ. ಯಾರಾದರೂ ಕರೆಂಟಿಗೆ ಹಿಡಿದುಕೊಂಡರೆ ಕೈಯಿಂದ ಎಳೆಯಬೇಡಿ, ಮೊದಲು ಮೇನ್ ತೆಗೆಯಿರಿ. ಸ್ವಿಚ್ಚು ಪದೇ ಪದೇ ಬಿದ್ದರೆ ಅದನ್ನು ಬೈಯಬೇಡಿ, ತಪ್ಪಿಸಿ ವಯರು ಕೊಡಲೇಬೇಡಿ.

ನಿಮ್ಮ ಮನೆಯ ಆ ಆರ್‌ಸಿಸಿಬಿ ಸ್ವಿಚ್ಚಿನಲ್ಲಿ 'T' ಎಂದು ಬರೆದ ಸಣ್ಣ ಗುಂಡಿ ಇದೆ. ಒತ್ತಿದರೆ ಸ್ವಿಚ್ಚು ಬೀಳಬೇಕು, ಜೊತೆಗೆ ಲೈಟೂ ಆರಬೇಕು. ಸ್ವಿಚ್ಚು ಬೀಳದಿದ್ದರೆ, ಅಥವಾ ಬಿದ್ದ ಮೇಲೂ ಲೈಟು ಉರಿಯುತ್ತಿದ್ದರೆ, ಅಥವಾ ಅಂಥ ಸ್ವಿಚ್ಚೇ ನಿಮ್ಮ ಮನೆಯಲ್ಲಿ ಇಲ್ಲದಿದ್ದರೆ, ನಿಮ್ಮ ಮನೆಯವರನ್ನು ಈ ಗಳಿಗೆಯಲ್ಲಿ ಕಾಯುವವರು ಯಾರೂ ಇಲ್ಲ. ನಾಳೆ ನೋಡೋಣ ಎನ್ನಬೇಡಿ. ಈ ಕಾಗದವನ್ನು ಕೆಳಗಿಟ್ಟು, ಎದ್ದು ಹೋಗಿ, ಈಗಲೇ ಆ ಗುಂಡಿ ಒತ್ತಿ ನೋಡಿ ಬನ್ನಿ.